ಬಿತ್ತನೆಗೆಂದು ಸುಲಿದ ಶೇಂಗಾ

ಶೇಂಗಾ ಸುಲಿಯುವಾಗ ನಾನು ನಗುತ್ತೇನೆ. ಇದನ್ನು ಬರೆಯಲು ಕೂತಾಗಲೂ ನಾಚಿಕೆಯಾಗುತ್ತಿದೆ, ಆದರೆ ಬೇರೆ ಎಲ್ಲಿಂದ ಶುರು ಮಾಡಿದರೂ ಸುಳ್ಳಾಗುತ್ತದೆ. ತುಟಿಯಂಚಿನ ನಗು ಅಲ್ಲ ಅದು. ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತೇನೆ. ಕಾಯಿಯ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಟಪ್ ಎಂದು ಬಿರಿಯುತ್ತದಲ್ಲ, ಆ ಸದ್ದು ಕಿವಿಯಿಂದ ಒಳಗೆ ಹೋಗಿ ಬೆನ್ನಿನ ತನಕ ಇಳಿಯುತ್ತದೆ. ಆಮೇಲೆ ಕೆಂಪು ಸಿಪ್ಪೆಯ ಕಾಳು ಬೆರಳಿಗೆ ತಾಗುತ್ತದೆ, ತಣ್ಣಗೆ, ನುಣ್ಣಗೆ. ಮೊರದಲ್ಲಿ ಕಾಳು ಗುಡ್ಡೆಯಾದ ಮೇಲೆ ಅದರೊಳಗೆ ಎರಡೂ ಕೈ ಮಣಿಕಟ್ಟಿನ ತನಕ ಇಳಿಸಿದೆನೋ, ಮುಗಿಯಿತು, ನನ್ನ ಮೈ ನನ್ನ ಮಾತು ಕೇಳುವುದಿಲ್ಲ. ಹಿಂದೆ ಮುಂದೆ ತೂಗುತ್ತೇನೆ. ಗಂಟಲಲ್ಲಿ ಗುಂಯ್ ಎಂದು ಸದ್ದು ಹೊರಡುತ್ತದೆ. ಕೈಯೆತ್ತಿ ಗಾಳಿಯಲ್ಲಿ ಬೆರಳುಗಳನ್ನು ಪಟಪಟ ಆಡಿಸುತ್ತೇನೆ.

ಮೂವತ್ತು ದಾಟಿದ ಹೆಂಗಸು ನಾನು. ಬಿ.ಕಾಂ. ಪಾಸಾಗಿದ್ದೇನೆ. ಚಳ್ಳಕೆರೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯೂ ಇದೇ ಪಾಡು. ಮಿಷನ್ನಿನಿಂದ ಹಾಳೆ ಬಿಸಿಬಿಸಿಯಾಗಿ ಹೊರಗೆ ಬರುತ್ತದೆ. ಆ ಬಿಸಿ ಆರುವುದರೊಳಗೆ ಅದನ್ನು ಕೆನ್ನೆಗೆ ಒತ್ತಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಒಮ್ಮೆ ಯಾರದೋ ಜಾತಿ ಸರ್ಟಿಫಿಕೇಟನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಇಬ್ಬರು ಕಾಲೇಜು ಹುಡುಗಿಯರು, ಒಬ್ಬಳ ಕೈಯಲ್ಲಿ ಮೊಬೈಲು. ನೆಲ ಬಾಯಿ ಬಿಡಬಾರದೇ ಅನಿಸಿತು. ಅಂಗಡಿಯ ಸಾಹೇಬರು ಒಳ್ಳೆಯವರು. ಗಿರಾಕಿಗಳು ಹೋದ ಮೇಲೆ ಮೆಲ್ಲಗೆ, ಬೇಟಿ, ಜನ ಇದ್ದಾಗ ಬೇಡ, ಅಂದರು. ಅವತ್ತಿನಿಂದ ಹಾಳೆಯನ್ನು ತುದಿ ಬೆರಳಲ್ಲಿ ಹಿಡಿದು ಕೊಡುತ್ತೇನೆ, ಸುಟ್ಟ ರೊಟ್ಟಿ ಹಿಡಿದವಳ ಹಾಗೆ.

ಇದಕ್ಕೊಂದು ಹೆಸರಿದೆ ಅಂತ ತಿಳಿದದ್ದು ಹೋದ ವರ್ಷ. ನನಗೆ ಒಬ್ಬಳೇ ತಂಗಿ, ಶಾಲೆಯಲ್ಲಿ ಟೀಚರು. ಅವಳ ತರಗತಿಯ ಒಂದು ಮಗುವಿನ ವಿಚಾರ ಓದುತ್ತಾ ಓದುತ್ತಾ ಅವಳಿಗೆ ನನ್ನ ನೆನಪಾಯಿತಂತೆ. ಹಟ ಹಿಡಿದು ದಾವಣಗೆರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿ ಆಟಿಸಂ ಅಂದರು. ಮನೆಗೆ ಬಂದು ಹೇಳಿದರೆ ಅವ್ವ ಕೇಳಿದ್ದು ಒಂದೇ, ಇದಕ್ಕೆ ಗುಳಿಗೆ ಐತಾ ಅಂತ. ಗುಳಿಗೆ ಇಲ್ಲ, ಇದು ರೋಗವಲ್ಲ, ಅಕ್ಕ ಇರುವುದೇ ಹಾಗೆ ಅಂತ ತಂಗಿ ವಿವರಿಸಿದಳು. ಇರೋದೇ ಹಂಗೆ ಅನ್ನೋದು ನಂಗೊತ್ತಿಲ್ವಾ, ಅದಕ್ಕೆ ದಾವಣಗೆರೆ ತನಕ ಯಾಕೆ ಹೋಗಬೇಕಿತ್ತು ಅಂತ ಅವ್ವ ಗೊಣಗಿಕೊಂಡು ಒಲೆ ಕಡೆಗೆ ಹೋದಳು. ಇನ್ನೊಂದು ಮಾತು. ನಿಮಗೆ ಏನು ಮಾಡಿದರೆ ಖುಷಿಯಾಗುತ್ತದೆ ಅಂತ ಆ ಡಾಕ್ಟರಮ್ಮ ಕೇಳಿದ್ದರು. ಶೇಂಗಾ ಸುಲಿಯುವುದು ಅನ್ನಲು ನಾಲಗೆ ಏಳಲಿಲ್ಲ. ಟೀವಿ ನೋಡುವುದು ಅಂದುಬಿಟ್ಟೆ.

ಶೇಂಗಾ ನಮ್ಮ ಮನೆಗೆ ಬಂದದ್ದು ಸೋದರಮಾವನಿಂದ. ಅಪ್ಪ ಎಣ್ಣೆಮಿಲ್ಲಿನಲ್ಲಿದ್ದರು, ನಮಗೆ ಹೊಲ ಗದ್ದೆ ಏನೂ ಇರಲಿಲ್ಲ. ಅವ್ವನ ಅಣ್ಣನಿಗೆ ದೊಡ್ಡಉಳ್ಳಾರ್ತಿಯಲ್ಲಿ ಹೊಲವಿತ್ತು. ಬೇಸಿಗೆಯ ಕೊನೆಗೆ, ಮುಂಗಾರಿಗೆ ಮೊದಲು, ಮಾವ ಬಿತ್ತನೆಗೆ ಎತ್ತಿಟ್ಟ ಕಾಯಿಯ ಚೀಲಗಳನ್ನು ತಂದು ನಮ್ಮ ಹಿಂದಿನ ಕೋಣೆಯಲ್ಲಿ ಇಳಿಸುತ್ತಿದ್ದ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ ಇದು: ಎಣ್ಣೆಗಾದರೆ ಮಿಷನ್ನಿಗೆ ಸುರಿದು ಒಡೆಸಬಹುದು, ಬಿತ್ತನೆಗೆ ಮಾತ್ರ ಕೈಯಲ್ಲೇ ಸುಲಿಯಬೇಕು. ಕಾಳಿನ ಕೆಂಪು ಸಿಪ್ಪೆ ಒಂಚೂರು ತರಚಿದರೂ ಅದು ಹುಟ್ಟುವುದಿಲ್ಲ. ಹಾಗಾಗಿ ಹೆಂಗಸರು ಕೂತು, ಹರಟೆ ಹೊಡೆಯುತ್ತಾ, ಉಗುರು ಸವೆಯುವ ತನಕ ಸುಲಿಯುತ್ತಾರೆ. ಉಳಿದವರಿಗೆ ಬೇಸರದ ಕೆಲಸ. ನನ್ನ ಕೈಯಿಂದ ಮಾತ್ರ ಒಂದು ಕಾಳೂ ತರಚುತ್ತಿರಲಿಲ್ಲ. ಮಾವ ಮೊರದಿಂದ ಒಂದು ಹಿಡಿ ಎತ್ತಿ ನೋಡಿ, ಇವಳು ಸುಲಿದಿದ್ದು ಒಂದೂ ಸುಳ್ಳಾಗಲ್ಲ ಬಿಡು, ಅನ್ನುತ್ತಿದ್ದ. ನನ್ನ ಇಡೀ ಜೀವನದಲ್ಲಿ ಯಾರಾದರೂ ನನ್ನನ್ನು ಹೊಗಳಿದ್ದಿದ್ದರೆ ಅದು ಈ ಒಂದು ಕೆಲಸಕ್ಕೆ.

ಅಪ್ಪ ತೀರಿಕೊಂಡ ಮೇಲೂ ಚೀಲ ಬರುವುದು ನಿಲ್ಲಲಿಲ್ಲ. ನಿಲ್ಲುವುದಿರಲಿ, ಹೆಚ್ಚಾಯಿತು. ಬೇಸಿಗೆ ಕಳೆದು ಬಿತ್ತನೆ ಮುಗಿದ ಮೇಲೂ ಬರುತ್ತಿತ್ತು. ಯಾಕೆ ಅಂದರೆ ಅವ್ವ, ಹಿಂಗಾರಿಗೆ ಅನ್ನುತ್ತಿದ್ದಳು, ನೀರಾವರಿ ಹೊಲಕ್ಕೆ ಅನ್ನುತ್ತಿದ್ದಳು. ನಾನು ನಂಬಿದೆ. ನನಗೆ ಸುಳ್ಳು ಗೊತ್ತಾಗುವುದಿಲ್ಲ. ಜನ ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳುತ್ತೇನೆ. ಬಸ್ಸು, ಜಂಗುಳಿ, ಹಾರನ್ನು ನನಗೆ ಆಗದ ಕಾರಣ ಮಾವನ ಊರಿಗೆ ಹೋಗಿ ವರ್ಷಗಳೇ ಆಗಿದ್ದವು. ಮಾವನೇ ಬಂದಾಗ, ಬೀಜ ಹುಟ್ಟಿತಾ ಅಂತ ಕೇಳುತ್ತಿದ್ದೆ. ಹುಟ್ಟೈತವ್ವ ಅನ್ನುತ್ತಿದ್ದ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಕೈಯಲ್ಲಿ ದಾಳಿಂಬೆ ಚೀಲ ಇರುತ್ತಿತ್ತು. ಊರಲ್ಲಿ ಯಾರೋ ಬೆಳೆದಿದ್ದಾರೆ ಅಂದುಕೊಂಡು ತಿನ್ನುತ್ತಿದ್ದೆ. ಅಂಗಡಿಗೆ ಬಂದ ರೈತರ ಹತ್ತಿರವೆಲ್ಲ ನನ್ನ ಕಾಳು ದೊಡ್ಡಉಳ್ಳಾರ್ತಿಯ ಹೊಲದಲ್ಲಿ ಇದೆ ಅಂತ ಹೇಳಿಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಈ ಬೇಸಿಗೆಯಲ್ಲಿ ತಂಗಿಗೆ ಗಂಡು ನೋಡಿದರು. ರಾಂಪುರದವರು, ಗೊಬ್ಬರದ ಅಂಗಡಿ ಇದೆ, ಹುಡುಗ ತಂಗಿಯ ಹಾಗೆಯೇ ಟೀಚರು. ಇದಕ್ಕೆ ಮೊದಲು ಬಂದ ಸಂಬಂಧವೊಂದು ಏನೂ ಕಾರಣ ಹೇಳದೆ ಹಿಂದೆ ಸರಿದಿತ್ತು. ಕಾರಣ ನಾನು ಅಂತ ಮನೆಯಲ್ಲಿ ಯಾರೂ ಅನ್ನಲಿಲ್ಲ, ಅನ್ನದೇ ಇದ್ದದ್ದರಿಂದಲೇ ನನಗೂ ಗೊತ್ತಾಯಿತು. ಈ ಹುಡುಗ ತಂಗಿಗೆ ಮನಸ್ಸಿಗೆ ಬಂದಿದ್ದ. ಹೆಣ್ಣು ನೋಡಲು ಬರುವ ದಿನದ ಹಿಂದಿನ ಸಂಜೆ ಹಿಂದಿನ ಕೋಣೆಗೆ ಹೊಸ ಚೀಲ ಬಂತು. ಮರುದಿನ, ನೀನು ಆರಾಮಾಗಿ ಸುಲೀತಾ ಕೂತಿರು ಅಂತ ಅವ್ವ ಬಾಗಿಲು ಮುಂದೆ ಮಾಡಿ ಹೋದಳು. ಹೊರಗೆ ಟೀವಿ ಜೋರಾಗಿ ಹಾಡುತ್ತಿತ್ತು. ನಾನು ಎಷ್ಟು ಸುಖವಾಗಿದ್ದೆನೆಂದರೆ, ಟೀವಿ ಯಾಕೆ ಅಷ್ಟು ಜೋರು ಅಂತ ಕೂಡ ಯೋಚಿಸಲಿಲ್ಲ. ಸಂಜೆ ಹೊರಗೆ ಬಂದರೆ ಸಂಬಂಧ ಒಪ್ಪಿಗೆಯಾಗಿತ್ತು, ತಟ್ಟೆಯಲ್ಲಿ ಅರ್ಧ ತಿಂದ ಉಪ್ಪಿಟ್ಟು ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ, ಮಾವ ಮದುವೆ ಮಾತಾಡಲು ಬಂದು ನಡುಮನೆಯಲ್ಲಿ ಕೂತಿದ್ದ. ಚೀಲ ಇನ್ನೂ ಮುಗಿದಿರಲಿಲ್ಲ, ನಾನು ಹಿಂದಿನ ಕೋಣೆಯಲ್ಲಿದ್ದೆ. ರಾಂಪುರದ ಬೀಗಿತ್ತಿ ಚಳ್ಳಕೆರೆಗೆ ಯಾವುದೋ ಕೆಲಸಕ್ಕೆ ಬಂದವರು, ಮೊಳಕಾಲ್ಮೂರಿಗೆ ಜವಳಿ ತೆಗೆಯಲು ಯಾವತ್ತು ಹೋಗೋಣ ಅಂತ ಕೇಳಿಕೊಂಡು ಹೋಗಲು ಹಾಗೆಯೇ ನಮ್ಮ ಮನೆಗೂ ಬಂದರು. ಫೋನಿಲ್ಲ, ಸುದ್ದಿಯಿಲ್ಲ. ಅವ್ವ ಓಡಿಬಂದು ನನ್ನ ಬಾಗಿಲು ಎಳೆದು ಹೋದಳು. ಆದರೆ ಬಿಸಿಲಲ್ಲಿ ಬಂದವರಿಗೆ ಕೈಕಾಲು ತೊಳೆಯಬೇಕಿತ್ತು, ನಮ್ಮ ಬಚ್ಚಲು ಇರುವುದು ಹಿಂದೆ. ಬಚ್ಚಲ ಬಾಗಿಲು ಅಂತ ಅವರು ನನ್ನ ಬಾಗಿಲು ತಳ್ಳಿದರು.

ನಾನು ಮೊರದೊಳಗೆ ಕೈ ಇಳಿಸಿ ತೂಗುತ್ತಾ ನಗುತ್ತಿದ್ದೆ. ಅವರು ಎಷ್ಟು ಹೊತ್ತು ನಿಂತಿದ್ದರೋ ತಿಳಿಯದು. ಏಮಮ್ಮಾ, ಏನು ಮಾಡ್ತಿದ್ದೀಯಾ ಅಂತ ಕೇಳಿದಾಗಲೇ ತಲೆಯೆತ್ತಿದ್ದು. ನನಗೆ ಆಗಲೂ ನಾಚಿಕೆಯಾಗಲಿಲ್ಲ, ನೋಡಿ. ಹೆಮ್ಮೆಯಾಯಿತು. ಅವರು ಬಗ್ಗಿ ಒಂದು ಹಿಡಿ ಕಾಳು ತೆಗೆಯಲು ಹೋದರೆ, ಮುಟ್ಟಬೇಡಿ, ಸಿಪ್ಪೆ ತರಚುತ್ತೆ, ಇದು ನಮ್ಮ ಮಾವನ ಹೊಲದ ಬಿತ್ತನೆ ಬೀಜ, ಪ್ರತಿ ವರ್ಷ ನಾನೇ ಸುಲಿದುಕೊಡುವುದು ಅಂದೆ. ಗೊಬ್ಬರದ ಅಂಗಡಿಯವರಲ್ಲವೇ, ಯಾವ ಹೊಲದಲ್ಲಿ ಏನಿದೆ ಅನ್ನುವುದು ಅವರಿಗೆ ಬೇಕಾದ ಸುದ್ದಿ. ಅಲ್ಲಿಂದಲೇ ನಡುಮನೆಯ ಕಡೆ ತಿರುಗಿ ಮಾವನನ್ನು ಕೇಳಿದರು.

"ಅಣ್ಣಾ, ನೀವು ಅವತ್ತು ದಾಳಿಂಬೆ ಅಂದ್ರಲ್ಲ? ಶೇಂಗಾನೂ ಹಾಕ್ತೀರಾ?"

ಮಾವ ಸುಳ್ಳು ಹೇಳಬಹುದಿತ್ತು. ಹೇಳು ಅಂತ ಅವ್ವ ಕೈಯಲ್ಲಿ ಸನ್ನೆ ಮಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವನು ತಲೆ ತಗ್ಗಿಸಿಕೊಂಡು, "ಇಲ್ಲ ಕಣಮ್ಮ. ಶೇಂಗಾ ಬಿಟ್ಟು ಬಾಳ ವರ್ಷ ಆತು," ಅಂದ.

ಬೀಗಿತ್ತಿ ಕೈಕಾಲು ತೊಳೆದು, ಚಾ ಕುಡಿದು, ಜವಳಿಯ ದಿನ ಫೋನಿನಲ್ಲಿ ತಿಳಿಸುತ್ತೇನೆ ಅಂತ ಹೇಳಿ ಹೊರಟುಹೋದರು. ನಾನು ಮೊರದ ಮುಂದೆ ಕೂತೇ ಇದ್ದೆ. ನನ್ನ ತಲೆ ನಿಧಾನ, ಆದರೆ ಒಮ್ಮೆ ಹೊರಟರೆ ನಿಲ್ಲುವುದಿಲ್ಲ. ಯಾರು ಮನೆಗೆ ಬರುವಾಗ ಯಾವ ಚೀಲ ಬಂದಿತ್ತು ಅನ್ನುವುದೆಲ್ಲ ಒಂದೊಂದಾಗಿ ನೆನಪಾಯಿತು. ಅಪ್ಪನ ವೈಕುಂಠ ಸಮಾರಾಧನೆಗೆ ಒಂದು ಚೀಲ. ತಂಗಿಗೆ ಕೆಲಸ ಸಿಕ್ಕಿ ಅವಳ ಗೆಳತಿಯರು ಊಟಕ್ಕೆ ಬಂದಾಗ ಒಂದು. ಮೊದಲಿನ ಗಂಡಿನ ಕಡೆಯವರು ಬಂದಾಗ ಒಂದು. ಎಲ್ಲರೂ ಸೇರಿ ನನ್ನನ್ನು ಮುಚ್ಚಿಟ್ಟಿದ್ದರು, ನಾನು ಆ ಮುಚ್ಚಳದ ಕೆಳಗೆ ಕೂತು ಕೈ ತಟ್ಟಿಕೊಂಡು ನಕ್ಕಿದ್ದೆ. ಮುಚ್ಚಿಟ್ಟಿದ್ದಕ್ಕಿಂತ ಆ ನಗು ನನಗೆ ಹೆಚ್ಚು ಅವಮಾನವಾಗಿ ಕಂಡಿತು. ಕರುವಿನ ಮುಂದೆ ಹುಲ್ಲು ಹಾಕಿ ಕಟ್ಟುತ್ತಾರಲ್ಲ, ಹಾಗೆ. ಕರುವಾದರೂ ಒಮ್ಮೆ ಹಗ್ಗ ಜಗ್ಗಿ ನೋಡುತ್ತದೆ.

ಹಾಗಾದರೆ ಇಷ್ಟು ವರ್ಷ ಸುಲಿದ ಕಾಳು ಏನಾಯಿತು ಅಂತ ಅವ್ವನನ್ನು ಕೇಳಿದೆ. ಚಟ್ನಿಪುಡಿ ಅಂದಳು. ಹೋಳಿಗೆಗೆ ಹಾಕಿದೆ, ಅಕ್ಕಪಕ್ಕದವರಿಗೆ ಕೊಟ್ಟೆ, ಉಳಿದಿದ್ದು ಗಾಣಕ್ಕೆ ಹೋಯಿತು ಅಂದಳು. ದೊಡ್ಡಉಳ್ಳಾರ್ತಿಯಲ್ಲಿ ಹುಟ್ಟಿ ಬೆಳೆಯುತ್ತಿದೆ ಅಂತ ನಾನು ಕಂಡಕಂಡವರಿಗೆ ಹೇಳಿದ್ದ ಬೀಜವನ್ನು ನಾನೇ ದಿನಾ ರೊಟ್ಟಿಯ ಜೊತೆ ತಿಂದಿದ್ದೆ. ಬೇರೆಯವರ ಕಥೆಯಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮೊರವನ್ನು ಎತ್ತಿ ಗೋಡೆಗೆ ಎಸೆದೆ. ನನ್ನ ಸಿಟ್ಟು ಹಾಗೆಯೇ, ಬಂದರೆ ಅಡ್ಡ ಬಂದದ್ದು ಉಳಿಯುವುದಿಲ್ಲ. ಕಾಳು ಕೋಣೆ ತುಂಬಾ ಚೆಲ್ಲಿತು, ಮಂಚದ ಕೆಳಗೆ ಉರುಳಿತು. ಅವ್ವ ಬೈಯಲಿಲ್ಲ. ನೆಲದ ಮೇಲೆ ಕೂತು ಒಂದೊಂದೇ ಆಯತೊಡಗಿದಳು.

"ಜನ ಬಂದಾಗ ನಿನ್ನ ಒಳಗೆ ಕೂರಿಸಾಕೆ ಅಂತ್ಲೇ ದುಡ್ಡು ಕೊಟ್ಟು ತಂದೆ, ಇಲ್ಲ ಅನ್ನಲ್ಲ," ಅಂದಳು ತಲೆಯೆತ್ತದೆ. "ಮೊದ್ಲು ಹಂಗೇ ತಂದೆ. ಆಮೇಲಾಮೇಲೆ ಯಾರೂ ಬರದಿದ್ರೂ ತಂದೆ. ನಿನ್ನ ನಗು ಕೇಳಬೇಕು ಅನ್ನಿಸ್ತಿತ್ತು."

ಆ ಮಾತು ಅವತ್ತು ನನ್ನ ಕಿವಿಗೆ ಬಿದ್ದಿತೇ ಹೊರತು ಒಳಗೆ ಹೋಗಲಿಲ್ಲ. ಅವ್ವ ಆಯ್ದ ಕಾಳನ್ನೆಲ್ಲ ಮಾವ ಚೀಲಕ್ಕೆ ತುಂಬಿ, ಸುಲಿಯದೆ ಉಳಿದ ಕಾಯಿಯನ್ನೂ ಇನ್ನೊಂದು ಚೀಲಕ್ಕೆ ಕಟ್ಟಿ, ಬೈಕಿನ ಮೇಲೆ ಹಾಕಿಕೊಂಡು ಹೋದ. ಗಾಣಕ್ಕೆ ಹೋಗುತ್ತದೆ ಅಂದುಕೊಂಡೆ. ಹೋಗಲಿ ಅಂದುಕೊಂಡೆ.

ರಾಂಪುರದಿಂದ ಫೋನು ಬರುವ ತನಕ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ತಂಗಿ ನನ್ನನ್ನು ಬೈದಿದ್ದರೆ ವಾಸಿಯಿತ್ತು. ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದಳು. ಕೊನೆಗೆ ಫೋನು ಬಂತು. ಸಂಬಂಧ ಮುರಿಯಲಿಲ್ಲ. ಹುಡುಗ ತಂಗಿಯನ್ನೇ ಮದುವೆಯಾಗುತ್ತೇನೆ ಅಂದನಂತೆ. ಬೀಗಿತ್ತಿ ಮಾತ್ರ ಬಹಳ ಮರ್ಯಾದೆಯಿಂದ ಒಂದು ಮಾತು ಸೇರಿಸಿದ್ದರು. ಜವಳಿಗೆ ದೊಡ್ಡವಳನ್ನು ಕರೆತರುವುದು ಬೇಡ, ನೇಕಾರರ ಮನೆಯಲ್ಲಿ ಮಗ್ಗದ ಸದ್ದು, ಪಾಪ ಆ ಹುಡುಗಿಗೆ ತೊಂದರೆ. ಧಾರೆಯ ಹೊತ್ತಿಗೂ ಜನ ಜಾಸ್ತಿ, ಅವಳು ಎಲ್ಲಾದರೂ ಒಳಗೆ ಆರಾಮಾಗಿ ಕೂತಿರಲಿ. ಅವ್ವ, ಆಯ್ತು ಕಣಮ್ಮ, ಹಂಗೇ ಮಾಡಾನ, ಅಂದಳು. ತಂಗಿ ಪಕ್ಕದಲ್ಲೇ ನಿಂತಿದ್ದಳು. ಅವಳು ಏನಾದರೂ ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ.

ಅವಳ ಜಾಗದಲ್ಲಿ ನಾನಿದ್ದರೂ ಅನ್ನುತ್ತಿರಲಿಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಹೊಟ್ಟೆ ಉರಿಯಿತು. ತಂಗಿಯ ಧಾರೆ, ಅಪ್ಪನಿಲ್ಲದ ಮನೆ, ಒಬ್ಬಳೇ ಅಕ್ಕ. ಅವಳ ಪಕ್ಕದಲ್ಲಿ ನಿಲ್ಲಬೇಕು ಅನ್ನುವ ಆಸೆ ನನಗಿತ್ತು ಅಂತ ತಿಳಿದದ್ದೇ ಅದು ಕೈತಪ್ಪಿದ ಮೇಲೆ. ಅವರೆಲ್ಲ ಮೊಳಕಾಲ್ಮೂರಿಗೆ ಹೋದ ದಿನ ನಾನು ಅಂಗಡಿಗೆ ಹೋಗಿ ಯಂತ್ರದ ಹಾಗೆ ಝೆರಾಕ್ಸ್ ತೆಗೆದೆ. ಸಂಜೆ ತಂಗಿ ನನಗೂ ಒಂದು ರೇಷ್ಮೆ ಸೀರೆ ತಂದಿದ್ದಳು, ನವಿಲುಗರಿಯ ಬಣ್ಣ, ಒಳಗೆ ಕೂರುವವಳಿಗೆ ಯಾತಕ್ಕೋ. ಜೊತೆಗೆ ಯಾರಿಗೂ ಕಾಣದ ಹಾಗೆ ನನ್ನ ಅಂಗೈಯಲ್ಲಿ ಇನ್ನೊಂದು ಇಟ್ಟಳು. ನೇಕಾರರ ಮನೆಯಿಂದ ಕೇಳಿ ತಂದದ್ದು, ಮಿಕ್ಕ ರೇಷ್ಮೆ ಎಳೆ ಸುತ್ತಿದ ಸಣ್ಣದೊಂದು ಕಡ್ಡಿ. ಎಳೆ ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು. ನನ್ನನ್ನು ಹೆತ್ತವಳಿಗಿಂತ ಚೆನ್ನಾಗಿ ಬಲ್ಲವಳು ಇವಳು. ಬೆರಳು ತಾಗಿಸಿದ ಕೂಡಲೇ ಗಂಟಲಲ್ಲಿ ಆ ಸದ್ದು ಎದ್ದಿತು. ನುಂಗಿಕೊಂಡೆ. ಕಡ್ಡಿಯನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತುರುಕಿದೆ. ಅದಾದ ಮೇಲೆ ಮಳೆ ಬಂತು, ಬೆಳಿಗ್ಗೆ ಕೊಡ ತುಂಬುವ ನೀರಿನ ಸದ್ದು ಬಂತು, ಕೊಡೆ ಬಿಚ್ಚುವಾಗಿನ ಪಟ್ ಬಂತು, ಯಾವುದಕ್ಕೂ ನಾನು ನಗಲಿಲ್ಲ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದೆ. ಮೈಯೆಲ್ಲ ನೋಯುತ್ತಿತ್ತು. ಅವ್ವ ಒಂದೆರಡು ಸಲ ಶೇಂಗಾದ ಮಾತೆತ್ತಿದಳು. ಆ ಹೆಸರೆತ್ತಬೇಡ ಅಂದೆ.

ಶ್ರಾವಣ ಬಂದು ಲಗ್ನಪತ್ರಿಕೆ ಅಚ್ಚಾಯಿತು. ಮೊದಲ ಪತ್ರಿಕೆ ದೇವರ ಮುಂದೆ, ಆಮೇಲಿನದು ಸೋದರಮಾವನಿಗೆ, ಅದೂ ಹೆಣ್ಣುಮಕ್ಕಳೇ ಹೋಗಿ ಕೊಡಬೇಕು. ಬಸ್ಸು ಬೇಡ ಅಂತ ತಂಗಿ ತನ್ನ ಸ್ಕೂಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟಳು. ರಸ್ತೆಯ ಪಕ್ಕ ಹುಲ್ಲುಗಾವಲಿಗೆ ಸರ್ಕಾರ ಹಾಕಿಸಿದ ತಂತಿಬೇಲಿ ಉದ್ದಕ್ಕೂ ಓಡುತ್ತಿತ್ತು, ದೂರ ಆಕಾಶದಲ್ಲಿ ಕಣ್ಣಿಗೆ ಕಾಣದ ವಿಮಾನವೋ ಡ್ರೋನೋ ಒಂದು ಗುಂಯ್ಗುಡುತ್ತಿತ್ತು. ಅದು ನನ್ನ ಸದ್ದಿನ ಹಾಗೆಯೇ ಇತ್ತು. ನಾನು ಬಾಯಿ ಬಿಗಿಹಿಡಿದು ಕೂತೆ.

ಮಾವ ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಊಟ ಆದ ಮೇಲೆ ಹೊಲಕ್ಕೆ ಹೋಗಿಬರ್ರಿ ಅಂದ. ಯಾಕೆ ಅಂದರೆ ಹೇಳಲಿಲ್ಲ, ತಾನೂ ಬರಲಿಲ್ಲ. ಅವನಿಗೂ ನನ್ನ ಮುಖ ನೋಡಲು ಆಗುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಹೋದರೆ ದಾಳಿಂಬೆ ಸಾಲುಗಳು, ಕೆಂಪು ಹೂವು. ಅದನ್ನು ದಾಟಿದರೆ ರಸ್ತೆಯ ಬದಿಗೆ, ದಾಳಿಂಬೆ ಹಾಕದೆ ಬಿಟ್ಟ ಒಂದು ಪಟ್ಟಿ. ಅದರ ತುಂಬಾ ಶೇಂಗಾ.

ನನ್ನ ಕಾಳು. ಮಂಚದ ಕೆಳಗಿಂದ ಅವ್ವ ಆಯ್ದು ಕೊಟ್ಟಿದ್ದ ಕಾಳು. ಸಾಲಿನಲ್ಲಿ ಎಲ್ಲೂ ಖಾಲಿ ಇರಲಿಲ್ಲ, ಗೋಡೆಗೆ ಹೊಡೆದದ್ದು ಕೂಡ ಬಹುಶಃ ಹುಟ್ಟಿತ್ತು. ಒಂದೊಂದು ತೊಟ್ಟಿಗೆ ನಾಲ್ಕೆಲೆ, ನಾಲ್ಕೆಲೆ, ನಾಲ್ಕೆಲೆ, ಕಣ್ಣು ಹಾಯುವ ತನಕ ನಾಲ್ಕೆಲೆ, ಬುಡದಲ್ಲಿ ಉಗುರಿನಷ್ಟು ಹಳದಿ ಹೂವು. ಗಾಳಿ ಬಂದರೆ ಎಲ್ಲ ಒಂದೇ ಸಲ ಅಲ್ಲಾಡುತ್ತಿದ್ದವು. ನನಗೆ ತಡೆಯಲು ಆಗಲಿಲ್ಲ. ಎರಡೂ ಕೈ ತಾನಾಗಿ ಮೇಲೆ ಹೋದವು, ಬೆರಳು ಪಟಪಟ ಹೊಡೆದುಕೊಂಡವು, ಬಾಯಿಂದ ಸದ್ದು ಹೊರಟುಬಿಟ್ಟಿತು. ಆ ಕ್ಷಣಕ್ಕೇ ರಸ್ತೆಯಲ್ಲಿ ಒಂದು ಟಂಟಂ ಆಟೋ ಬಂತು. ಕೈ ಇಳಿಸಿದೆ. ಕಂಕುಳಿಗೆ ತುರುಕಿಕೊಂಡೆ. ಟಂಟಂ ಹೋಯಿತು, ಅದರಲ್ಲಿದ್ದವರು ಈ ಕಡೆ ನೋಡಿರಲೂ ಇಲ್ಲ. ನಾಚಿಕೆಯಿಂದ ನನಗೆ ಅಳು ಬಂತು, ಇಷ್ಟು ದೊಡ್ಡವಳಾಗಿ ಗಿಡ ನೋಡಿ ಕುಣಿದದ್ದಕ್ಕೋ, ಕೈ ಇಳಿಸಿದ್ದಕ್ಕೋ ತಿಳಿಯಲಿಲ್ಲ.

ತಂಗಿ ಹತ್ತಿರ ಬಂದಳು. "ಯಾರೂ ಇಲ್ಲಕ್ಕ. ನಿಂಗೆಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರು. ನಾನೂ ಆ ಕಡೆ ತಿರುಕ್ಕೊಂಡು ನಿಂತಿರ್ತೀನಿ," ಅಂದಳು. ಪ್ರೀತಿಯಿಂದಲೇ ಅಂದಳು. ದಾಳಿಂಬೆ ಗಿಡಗಳ ಕಡೆಗೆ ಮುಖ ಮಾಡಿ, ನನಗೆ ಬೆನ್ನು ಹಾಕಿ ನಿಂತಳು.

ಆ ಬೆನ್ನು ನೋಡಿದೆ. ಅವ್ವ ಎಳೆದುಕೊಂಡು ಹೋಗುತ್ತಿದ್ದ ಬಾಗಿಲಿನ ಹಾಗೆ ಕಂಡಿತು. ಕೋಣೆಯಿಲ್ಲ, ಗೋಡೆಯಿಲ್ಲ, ಬಟ್ಟಬಯಲು, ಆದರೂ ನಾನು ಮತ್ತೆ ಒಳಗೇ ಇದ್ದೆ. ಅವ್ವನ ಮಾತು ಆಗ ನೆನಪಾಯಿತು, ಯಾರೂ ಬರದಿದ್ದರೂ ತಂದೆ ಅಂದದ್ದು. ಅವಳು ಆ ನಗುವನ್ನು ಬಾಗಿಲಿನ ಆ ಕಡೆಯಿಂದ ಕೇಳಿಸಿಕೊಂಡಳೇ ಹೊರತು ಒಳಗೆ ಬಂದು ನೋಡಲಿಲ್ಲ.

"ಈ ಕಡೆ ನೋಡು," ಅಂದೆ.

ತಂಗಿ ತಿರುಗಲಿಲ್ಲ. ಪರವಾಗಿಲ್ಲಕ್ಕ, ನಾನು ನೋಡಲ್ಲ ಅಂದಳು.

"ನೋಡಲ್ಲ ಅನ್ನಬ್ಯಾಡ. ಧಾರೆ ದಿನ ನಿನ್ನ ಪಕ್ಕ ನಿಂತ್ರೂ ನಂಗೆ ಹಿಂಗೇ ಆಗುತ್ತೆ. ಈಗಲೇ ನೋಡ್ಕೊಂಬಿಡು. ಆಮೇಲೆ ಒಳಗೆ ಕೂತ್ಕೊ ಅಂತ ಹೇಳೋದಿದ್ರೆ ನೀನೇ ಹೇಳು."

ನನ್ನ ಮುಖ ಸುಡುತ್ತಿತ್ತು. ಕಂಕುಳಿಂದ ಕೈ ತೆಗೆದೆ. ತಂಗಿ ನಿಧಾನವಾಗಿ ತಿರುಗಿದಳು. ರಸ್ತೆಯಲ್ಲಿ ಇನ್ನೊಂದು ಗಾಡಿ ಬರುತ್ತಿದ್ದ ಸದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ, ನಾನು ಕೈ ಇಳಿಸಲಿಲ್ಲ.